ಮರಿಯಾ ಮಾಂಟೆಸೊರಿಯವರೂ ಮಕ್ಕಳ ಮನೆಯೂ

ಅಂಬಾಜಿದುರ್ಗದ ತಪ್ಪಲಿನಲ್ಲಿಯೂ ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಮೂರು ವರುಷದ ಕೂಸನ್ನು ಯಾವ ಶಿಶುವಿಹಾರಕ್ಕೆ ಕಳುಹಿಸುವುದು ಲೇಸೆಂಬ ಚಿಂತೆಯು ಅವರನ್ನು ಬಾಧಿಸುವುದು ಸಹಜವೇ. ಪೇಟೆಬೀದಿಗಳ ಹಲಗೆಗಳ ಮೇಲೆ ಮಾಂಟೆಸೊರಿ ಎಂಬ ಹೆಸರು ಮೇಲಿಂದ ಮೇಲೆ ಕಾಣುತ್ತದೆ. ಆ ಹೆಸರಿನ ಮಹಿಳೆಯು ಯಾರು, ಮಕ್ಕಳಿಗಾಗಿ ಅವರು ಏನನ್ನು ಬಯಸಿದರು ಎಂಬುದನ್ನು ಅರಿತರೆ ಆಯ್ಕೆಯು ಸುಲಭವಾದೀತೆಂದೆಣಿಸಿ, ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ನಿರೂಪಿಸುತ್ತೇವೆ.

ಮರಿಯಾ ಮಾಂಟೆಸೊರಿಯವರು 1870ನೆಯ ಇಸವಿ ಆಗಸ್ಟ್ 31ರಂದು ಇಟಲಿ ದೇಶದ ಕಿಯಾರಾವಲ್ಲೆ ಎಂಬ ಊರಿನಲ್ಲಿ ಜನಿಸಿದರು. ಹೆಣ್ಣುಮಕ್ಕಳು ವೈದ್ಯಶಾಸ್ತ್ರವನ್ನು ಓದುವುದು ಆ ಕಾಲದಲ್ಲಿ ಅಪರೂಪವಾಗಿತ್ತು. ತಂದೆಗೆ ಮಗಳ ಈ ಹಂಬಲವು ಹಿಡಿಸಲಿಲ್ಲ. ತಾಯಿಯು ಬೆಂಬಲವಾಗಿ ನಿಂತರು. 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ಅವರು ವೈದ್ಯ ಪದವಿಯನ್ನು ಪಡೆದರು. ಅನಂತರ ಬುದ್ಧಿಮಾಂದ್ಯರೆಂದು ಜನರು ಕೈಬಿಟ್ಟಿದ್ದ ಮಕ್ಕಳ ಸೇವೆಗೆ ತೊಡಗಿದರು. ಆ ಮಕ್ಕಳ ಕೈಗಳಿಗೆ ತಕ್ಕ ಕೆಲಸವನ್ನು ಕೊಟ್ಟು ಕಲಿಸಲಾಗಿ, ಕೆಲವರು ಓದುಬರಹಗಳಲ್ಲಿ ಇತರ ಮಕ್ಕಳ ಸಮಕ್ಕೆ ಬಂದರು. ಲೋಕವು ಅವರನ್ನು ಹೊಗಳುತ್ತಿರಲು, ಅವರ ಮನಸ್ಸು ಬೇರೆಯದನ್ನೇ ಚಿಂತಿಸುತ್ತಿತ್ತು: ಆರೋಗ್ಯವಂತ ಮಕ್ಕಳೇಕೆ ಶಾಲೆಗಳಲ್ಲಿ ಇಷ್ಟು ಹಿಂದುಳಿದಿದ್ದಾರೆ?

ಇಲ್ಲಿ ಒಂದು ದುಃಖವನ್ನು ಮುಚ್ಚಿಡದೆ ಹೇಳಬೇಕು. 1898ರಲ್ಲಿ ಅವರಿಗೆ ಮಾರಿಯೋ ಎಂಬ ಮಗನು ಹುಟ್ಟಿದನು. ಮದುವೆಯಿಲ್ಲದೆ ತಾಯಿಯಾದವಳಿಗೆ ಅಂದಿನ ಸಮಾಜದಲ್ಲಿ ಸ್ಥಳವಿರಲಿಲ್ಲವಾದ್ದರಿಂದ, ಕೂಸು ಹಳ್ಳಿಯೊಂದರಲ್ಲಿ ಪರರ ಮನೆಯಲ್ಲಿ ಬೆಳೆಯಿತು. ಮಗನು ಹದಿಹರೆಯದಲ್ಲಿ ತಾಯಿಯ ಬಳಿಗೆ ಬಂದು, ಕಡೆಯವರೆಗೂ ಅವರ ಕಾರ್ಯಕ್ಕೆ ನೆರವಾದನು. ಸ್ವಂತ ಕೂಸಿನ ಬಾಲ್ಯವನ್ನು ಕಣ್ಣಾರೆ ಕಾಣದ ತಾಯಿಯು ಊರವರ ಕೂಸುಗಳನ್ನು ಎಷ್ಟು ಅಕ್ಕರೆಯಿಂದ ನೋಡಿರಬೇಕೆಂಬುದನ್ನು ನಮ್ಮ ಓದುಗರೇ ಊಹಿಸಲಿ.

ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತಾಯ್ತಂದೆಗಳು ಕೂಲಿಗೆ ಹೋಗಲು, ಎಳೆಯ ಮಕ್ಕಳು ದಿಕ್ಕಿಲ್ಲದೆ ಅಲೆದು ಹೊಸದಾಗಿ ದುರಸ್ತಿಮಾಡಿದ ಗೋಡೆಗಳನ್ನು ಕೆಡಿಸುತ್ತಿದ್ದರು. ನಮ್ಮ ಸೀಮೆಯಲ್ಲಿ ತಾಯಿಯು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊರಟರೆ ಕೂಸಿನ ಗತಿಯೇನೆಂಬುದನ್ನು ಬಲ್ಲವರಿಗೆ ಈ ಕಷ್ಟವು ಹೊಸದಲ್ಲ. ಕಟ್ಟಡದವರು ಆ ಮಕ್ಕಳನ್ನು ಮಾಂಟೆಸೊರಿಯವರಿಗೆ ಒಪ್ಪಿಸಿದರು. 1907ನೆಯ ಇಸವಿ ಜನವರಿ 6ರಂದು ಮಕ್ಕಳ ಮನೆಯು ತೆರೆಯಿತು. ಮಕ್ಕಳ ಅಳತೆಗೆ ತಕ್ಕ ಮೇಜು ಕುರ್ಚಿಗಳು, ಅವರ ಕೈಗೆಟಕುವ ಬೀರುಗಳು ಅಲ್ಲಿದ್ದವು. ಬಹುಮಾನವಾಗಲಿ ದಂಡನೆಯಾಗಲಿ ಇರಲಿಲ್ಲ. ತಾಯಂದಿರು ಮಕ್ಕಳನ್ನು ಶುಚಿಯಾಗಿ ಕಳುಹಿಸಬೇಕು, ವಾರಕ್ಕೊಮ್ಮೆ ಶಿಕ್ಷಕಿಯೊಡನೆ ಮಾತಾಡಬಹುದು ಎಂಬ ಏರ್ಪಾಡಿತ್ತು. ಅಲ್ಲಿ ಮೂರು ವರುಷದ ಹುಡುಗಿಯೊಬ್ಬಳು ಮರದ ಬಿಲ್ಲೆಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸುತ್ತಿದ್ದಳು. ಸುತ್ತಲೂ ಇತರ ಮಕ್ಕಳನ್ನು ಹಾಡಿಸಿದರೂ, ಅವಳು ಕುಳಿತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ, ಅವಳು ತಲೆಯೆತ್ತದೆ ಆ ಕೆಲಸವನ್ನು 40ಕ್ಕೂ ಹೆಚ್ಚು ಬಾರಿ ಮಾಡಿದಳು. ಕೂಸು ತಾನಾಗಿ ಕಲಿಯಬಲ್ಲದು, ದೊಡ್ಡವರು ಅಡ್ಡ ಬರದಿದ್ದರೆ ಸಾಕು ಎಂಬ ತತ್ತ್ವವನ್ನು ಮಾಂಟೆಸೊರಿಯವರು ಹೀಗೆ ಮಕ್ಕಳಿಂದಲೇ ಕಲಿತರು.

ಅವರ ಕೀರ್ತಿಯು ದೇಶದೇಶಗಳಿಗೆ ಹಬ್ಬಿತು. ಆದರೆ 1934ರ ವೇಳೆಗೆ ಮುಸೊಲಿನಿಯ ಸರಕಾರದೊಡನೆ ವಿರಸವುಂಟಾಗಿ ಅವರು ಇಟಲಿಯನ್ನು ಬಿಡಬೇಕಾಯಿತು. 1939ರಲ್ಲಿ, 69ನೆಯ ಪ್ರಾಯದಲ್ಲಿ, ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದಂತೆ ಮಗನೊಡನೆ ಮದ್ರಾಸಿನ ಅಡ್ಯಾರಿಗೆ ಬಂದು, ಸುಮಾರು 300 ಶಿಕ್ಷಕರಿಗೆ ತರಬೇತು ನೀಡಿದರು. 1940ರಲ್ಲಿ ಇಟಲಿಯು ಯುದ್ಧಕ್ಕಿಳಿಯಲು, ಬ್ರಿಟಿಷ್ ಸರಕಾರವು ಶತ್ರುದೇಶದವನೆಂದು ಮಾರಿಯೋನನ್ನು ಬಂಧನದಲ್ಲಿಟ್ಟಿತು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವನ ಬಿಡುಗಡೆಯಾಯಿತು. ಯುದ್ಧಕಾಲದಲ್ಲಿ ಅವರು ಕೊಡೈಕನಾಲಿನಲ್ಲಿಯೂ ಕೆಲವು ವರುಷ ನೆಲೆಸಿ ಮಕ್ಕಳ ಸಂಗಡ ಕೆಲಸವನ್ನು ಮುಂದುವರಿಸಿದರು. 1952ನೆಯ ಇಸವಿ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್‌ನಲ್ಲಿ ದೈವಾಧೀನರಾದರು.

ಪ್ರಿಯ ತಾಯ್ತಂದೆಗಳೇ, ಹಲಗೆಯ ಮೇಲೆ ಹೆಸರನ್ನು ಬರೆಸುವುದು ಸುಲಭ. ಆದುದರಿಂದ ಕೂಸನ್ನು ಸೇರಿಸುವ ಮೊದಲು ಒಂದು ಬೆಳಗಿನ ಹೊತ್ತು ಶಾಲೆಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಿರಿ. ಮಕ್ಕಳ ಕೈಗಳು ಕೆಲಸದಲ್ಲಿವೆಯೋ, ಕಟ್ಟಿಕೊಂಡು ಕುಳಿತಿವೆಯೋ? ಸಾಮಾನುಗಳು ಅವರ ಕೈಗೆಟಕುತ್ತವೆಯೋ, ಬೀಗ ಹಾಕಿದ ಬೀರುವಿನಲ್ಲಿ ಅಲಂಕಾರಕ್ಕಿವೆಯೋ? ಶಿಕ್ಷಕಿಯ ದನಿಯು ಮೃದುವೋ, ಬೆತ್ತವು ಗೋಡೆಗೊರಗಿದೆಯೋ? ನೋಡಲು ಬಂದ ತಾಯಿಯನ್ನು ಒಳಗೆ ಬಿಡದ ಶಾಲೆಯ ವಿಷಯದಲ್ಲಿ ಎಚ್ಚರವಿರಲಿ. ಮೂರು ವರುಷದ ಕೂಸಿಗೆ ಪುಟಗಟ್ಟಲೆ ಬರೆಯಿಸುವುದನ್ನು ವಿದ್ಯೆಯೆಂದು ಭ್ರಮಿಸದಿರಿ.

ಹೆಚ್ಚು ಹಣವನ್ನು ಕೇಳುವ ಶಾಲೆಯೇ ಒಳ್ಳೆಯದೆಂಬ ನಿಯಮವಿಲ್ಲ. ಸಾನ್ ಲೊರೆಂಜೊದ ಮಕ್ಕಳ ಮನೆಯಲ್ಲಿ ತಾಯ್ತಂದೆಗಳು ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ನಮ್ಮ ನಾಡಿನಲ್ಲಿಯೂ 1975ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲುಗೊಂಡ ಅಂಗನವಾಡಿಗಳು ಈಗ ಹಳ್ಳಿಹಳ್ಳಿಗಳಲ್ಲಿವೆ. ಸಮೀಪದ ಅಂಗನವಾಡಿಯನ್ನೂ ಇದೇ ಕಣ್ಣಿನಿಂದ ನೋಡಿರಿ. ಕೊರತೆಯಿದ್ದರೆ ಅಲ್ಲಿಯ ಕಾರ್ಯಕರ್ತೆಯೊಡನೆ ಕೂಡಿ ಸರಿಪಡಿಸಿರಿ. ಓದು ಕಲಿತ ಹೆಣ್ಣುಮಕ್ಕಳು ತಮ್ಮ ಕೂಸಿಗೆ ಮಾತ್ರವಲ್ಲದೆ ನೆರೆಮನೆಯ ಕೂಸಿಗೂ ಒಳ್ಳೆಯ ಶಿಶುವಿಹಾರವು ದೊರೆಯುವಂತೆ ಶ್ರಮಿಸಬೇಕೆಂಬುದೇ ನಮ್ಮ ಬಿನ್ನಹ.