ವಜ್ರದ ಬೆಳಕು ನೋಡಿದ ಸಿ. ವಿ. ರಾಮನ್

ಪ್ರತಿ ವರ್ಷ ಫೆಬ್ರವರಿ 28ರಂದು ನಾವು ವಿಜ್ಞಾನ ದಿನ ಆಚರಿಸುತ್ತೇವೆ. 1928ರ ಆ ದಿನ ಸರ್ ಸಿ. ವಿ. ರಾಮನ್ ಅವರು ‘ರಾಮನ್ ಪರಿಣಾಮ’ ಕಂಡುಹಿಡಿದರು. ಇದು ಎಲ್ಲರಿಗೂ ಗೊತ್ತು. ಅವರು ವಜ್ರಗಳನ್ನಿಟ್ಟುಕೊಂಡು ಮಾಡಿದ ಕೆಲಸ ಅಷ್ಟಾಗಿ ಗೊತ್ತಿಲ್ಲ. ನಾನು ಅದನ್ನೇ ಬರೆಯುತ್ತೇನೆ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಹತ್ತಿರ. 1907ರಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ದೊಡ್ಡ ನೌಕರಿ ಸೇರಿದರು. ಕಚೇರಿಯ ಹೊತ್ತು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗಕ್ಕೆ. 1917ರಲ್ಲಿ ಆ ನೌಕರಿ ಬಿಟ್ಟು ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು. 1921ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ ಬರುವಾಗ, ಕಡಲು ಯಾಕೆ ನೀಲಿ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಆಕಾಶದ ಪ್ರತಿಬಿಂಬ ಒಂದೇ ಅಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂದು ತೋರಿಸಿದರು. ನಾವು ದಿನಾ ಕಡಲು ನೋಡ್ತೇವೆ, ಕೇಳೋದೇ ಇಲ್ಲ! ಅದೇ ದಾರಿಯಲ್ಲಿ ನಡೆದು 1930ರಲ್ಲಿ ನೊಬೆಲ್ ಬಹುಮಾನ ಪಡೆದರು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅಲ್ಲಿ ವಜ್ರಗಳ ಮೇಲೆ ಅತಿನೇರಳೆ ಕಿರಣ ಬಿಟ್ಟು ನೋಡಿದರು. ಕತ್ತಲೆಯಲ್ಲಿ ಕೆಲವು ನೀಲಿ, ಕೆಲವು ಹಸಿರು, ಕೆಲವು ಹಳದಿಯಾಗಿ ಹೊಳೆದವು. ಶಿಷ್ಯೆ ಅನ್ನಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ಒಂದು ಫೋಟೋ ಪ್ಲೇಟ್ ಮೂಡಲು 15-20 ಗಂಟೆ ಕಾಯಬೇಕಿತ್ತು.

ಹರಳಿನ ರಚನೆಯಿಂದಲೇ ಈ ಹೊಳಪು ಅಂತ ರಾಮನ್ ವಾದಿಸಿದರು. ಒಳಗೆ ಸೇರಿದ ನೈಟ್ರೋಜನ್ನಿನಂಥ ಕಲ್ಮಶ, ಪರಮಾಣು ಇಲ್ಲದ ಖಾಲಿ ಜಾಗ, ಇವು ಮುಖ್ಯ ಕಾರಣ ಅಂತ ನಂತರದವರು ಕಂಡುಕೊಂಡರು. ದೊಡ್ಡವರ ಮಾತನ್ನೂ ಪರೀಕ್ಷಿಸಿ ನೋಡೋದೇ ವಿಜ್ಞಾನ ಅಂತ ನನಗೆ ಅನಿಸ್ತದೆ.

1948ರಲ್ಲಿ ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಅಲ್ಲಿ ಹೊಳೆಯುವ ಖನಿಜಗಳನ್ನು ಕತ್ತಲೆ ಕೋಣೆಯಲ್ಲಿ ಜೋಡಿಸಿಟ್ಟರು. 1954ರಲ್ಲಿ ಭಾರತರತ್ನ ಬಂತು. 1970ರ ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಅವರ ದಹನವಾಯಿತು.

ಆದರೆ ವಜ್ರದ ಕತೆ ಮುಗಿಯಲಿಲ್ಲ. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ವಜ್ರದ ಕಣಗಳನ್ನು ಈಗ ಮಾಡ್ತಾರೆ. ಇವಕ್ಕೆ ನ್ಯಾನೊವಜ್ರ ಅಂತ ಹೆಸರು. ಒಳಗೆ ಆ ಕೊರತೆ ಇರುವ ಕಣಗಳಿಗೆ ಹಸಿರು ಬೆಳಕು ಬಿಟ್ಟರೆ ಕೆಂಪಾಗಿ ಹೊಳೀತವೆ, ಬೇಗ ಮಾಸುವುದಿಲ್ಲ. ಜೀವಕೋಶದಲ್ಲಿ ಎಲ್ಲಿವೆ ಅಂತ ಸೂಕ್ಷ್ಮದರ್ಶಕದಲ್ಲಿ ಕಾಣ್ತದೆ. ನ್ಯಾನೊವಜ್ರಕ್ಕೆ ಕ್ಯಾನ್ಸರಿನ ಔಷಧಿ ಅಂಟಿಸಿ ಇಲಿಗಳ ಮೇಲೆ ಪ್ರಯೋಗವೂ ಆಗಿದೆ. ಮನುಷ್ಯರಿಗೆ ಕೊಡಲು ಇನ್ನೂ ಬಹಳ ಪರೀಕ್ಷೆ ಬೇಕು.

ಅಲ್ಲಿಯವರೆಗೆ ನಮ್ಮ ಕಣ್ಣೇ ದೀಪ. ನಮ್ಮ ಮಾವಿನಕುರ್ವೆಯಲ್ಲೂ ಹೊಗೆಸೊಪ್ಪು ಹಾಕಿ ಕವಳ ತಿನ್ನುವವರು ಇದ್ದಾರೆ. ನಮ್ಮ ಅಜ್ಜನೂ ತಿಂತಾರೆ. ಅದರಿಂದ ಬಾಯಿ ಕ್ಯಾನ್ಸರ್ ಬರಬಹುದು. ಮೂರು ವಾರವಾದರೂ ವಾಸಿಯಾಗದ ಹುಣ್ಣು ಬಾಯಲ್ಲಿದ್ದರೆ ಮುಚ್ಚಿಡದೆ ಡಾಕ್ಟರಿಗೆ ತೋರಿಸಿ ಅಂತ ಇವತ್ತೇ ಮನೆಯಲ್ಲಿ ಹೇಳಿ. ನಾನು ಹೇಳಿದ್ದೇನೆ.