ಚಿತ್ರಗಳಿಗೆ ದನಿ ಕೊಟ್ಟ ಮುಸೋರ್ಗ್‌ಸ್ಕಿ

ಕಣ್ಣಿಗೆ ಕಾಣುವ ಚಿತ್ರವನ್ನು ಕಿವಿಗೆ ಕೇಳಿಸಲು ಸಾಧ್ಯವೆ? ರಷ್ಯಾ ದೇಶದ ಸಂಗೀತಗಾರ ಮಾಡೆಸ್ಟ್ ಮುಸೋರ್ಗ್‌ಸ್ಕಿ ಇದನ್ನು ಮಾಡಿ ತೋರಿಸಿದನು. ಆತನು 1839ರಲ್ಲಿ ಕರೇವೊ ಎಂಬ ಹಳ್ಳಿಯ ಜಮೀನುದಾರರ ಮನೆಯಲ್ಲಿ ಹುಟ್ಟಿದನು. ಪಿಯಾನೊ ನುಡಿಸಲು ಕಲಿಸಿದವಳು ತಾಯಿ. ಸೈನ್ಯ ಸೇರಿದನು, ಸಂಗೀತದ ಸಲುವಾಗಿ 1858ರಲ್ಲಿ ಅದನ್ನು ಬಿಟ್ಟನು. 1861ರಲ್ಲಿ ಜೀತಗಾರರಿಗೆ ಬಿಡುಗಡೆಯಾದ ಮೇಲೆ ಮನೆತನದ ಆದಾಯ ಕುಗ್ಗಿತು. ಹೊಟ್ಟೆಪಾಡಿಗೆ ಸರಕಾರಿ ಕಚೇರಿಯ ಕೆಲಸ ಹಿಡಿಯಬೇಕಾಯಿತು.

ವಿಕ್ಟರ್ ಹಾರ್ಟ್‌ಮನ್ ಎಂಬ ವಾಸ್ತುಶಿಲ್ಪಿ ಆತನ ಆಪ್ತ ಗೆಳೆಯ. ಒಳ್ಳೆಯ ಚಿತ್ರಕಾರನೂ ಹೌದು. ಒಮ್ಮೆ ಇಬ್ಬರೂ ಬೀದಿಯಲ್ಲಿ ನಡೆದು ಬರುತ್ತಿದ್ದಾಗ ಹಾರ್ಟ್‌ಮನ್ ಉಸಿರು ಕಟ್ಟಿದಂತಾಗಿ ಗೋಡೆಗೆ ಒರಗಿ ನಿಂತನು. ಮುಸೋರ್ಗ್‌ಸ್ಕಿ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 1873ರಲ್ಲಿ, 39ನೆಯ ವಯಸ್ಸಿನಲ್ಲಿ, ಗೆಳೆಯನು ತೀರಿಕೊಂಡಾಗ ಆ ದಿನದ ನೆನಪು ಆತನನ್ನು ಬಹಳವಾಗಿ ಕೊರೆಯಿತು.

ಮರುವರ್ಷ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಹಾರ್ಟ್‌ಮನ್ನನ ಚಿತ್ರಗಳ ಪ್ರದರ್ಶನ ನಡೆಯಿತು. ಗೆಳೆಯನು ತನಗೆ ಕೊಟ್ಟಿದ್ದ ಎರಡು ಚಿತ್ರಗಳನ್ನು ಮುಸೋರ್ಗ್‌ಸ್ಕಿಯೂ ಅಲ್ಲಿಗೆ ಕೊಟ್ಟಿದ್ದನು. ಆ ಜೂನ್ ತಿಂಗಳಲ್ಲಿ ಸುಮಾರು ಮೂರು ವಾರಗಳಲ್ಲಿ ಪಿಯಾನೊಕ್ಕಾಗಿ ಹತ್ತು ಚಿತ್ರಗಳ ಸಂಗೀತವನ್ನು ಬರೆದು ಮುಗಿಸಿದನು. ಚಿತ್ರದಿಂದ ಚಿತ್ರಕ್ಕೆ ಹೋಗುವ ಆತನ ನಡಿಗೆಯೂ ಅದರಲ್ಲಿದೆ: ಒಮ್ಮೆ ಐದು ಎಣಿಕೆ, ಒಮ್ಮೆ ಆರು. ಸ್ಥೂಲಕಾಯದವನ ಹೆಜ್ಜೆ ಅದು. ಈ ಬಾರಿ ಒಂಟಿ ಹೆಜ್ಜೆ.

ನಮಗೆ ಬಹಳ ಹಿಡಿಸಿದ್ದು ಎತ್ತಿನ ಗಾಡಿ. ಪಿಯಾನೊದ ತಗ್ಗು ಸ್ವರಗಳಲ್ಲಿ ಭಾರದ ಗಾಲಿಗಳು ಉರುಳುತ್ತವೆ. ಮುಸೋರ್ಗ್‌ಸ್ಕಿ ಬರೆದಂತೆ ಗಾಡಿ ಮೊದಲಿಗೇ ದೊಡ್ಡ ಸದ್ದಿನಿಂದ ನಮ್ಮೆದುರು ಬಂದು, ಬರಬರುತ್ತ ದೂರವಾಗುತ್ತದೆ. ಮುಂದೆ ಅದನ್ನು ಅಚ್ಚಿಗೆ ತಿದ್ದಿದವರು ಗಾಡಿ ದೂರದಿಂದ ಮೆಲ್ಲಗೆ ಬರುವಂತೆ ಮಾಡಿದರು. ಗಾಡಿಯ ಹಾದಿಯಲ್ಲಿ ನಿಂತು ನೋಡಿದ ನಮಗಂತೂ ಮೊದಲಿನದೇ ಸರಿಯೆನಿಸುತ್ತದೆ. ಕೊನೆಯ ಚಿತ್ರ ಕೀವ್ ನಗರದ ಹೆಬ್ಬಾಗಿಲು. ಹಾರ್ಟ್‌ಮನ್ ನಕ್ಷೆ ಬರೆದಿದ್ದನು, ಬಾಗಿಲನ್ನು ಯಾರೂ ಕಟ್ಟಲಿಲ್ಲ. ಸಂಗೀತದಲ್ಲಿ ಮಾತ್ರ ಅದರ ಗಂಟೆಗಳು ಮೊಳಗುತ್ತವೆ.

ಮದ್ಯಪಾನ ಆತನನ್ನು ಹಾಳುಮಾಡಿತು. 1881ರ ಮಾರ್ಚಿಯಲ್ಲಿ, 42ನೆಯ ವಯಸ್ಸಿನಲ್ಲಿ, ಸೈನಿಕ ಆಸ್ಪತ್ರೆಯಲ್ಲಿ ಮರಣ ಹೊಂದಿದನು. ಅದಕ್ಕೆ ಕೆಲವೇ ದಿನಗಳ ಮುಂಚೆ ಚಿತ್ರಕಾರ ರೇಪಿನ್ ಅಲ್ಲಿಗೇ ಬಂದು ಆತನ ಭಾವಚಿತ್ರ ಬರೆದನು. ಕೆದರಿದ ಕೂದಲು, ಕೆಂಪೇರಿದ ಮೂಗು, ಏನನ್ನೂ ಮುಚ್ಚಿಲ್ಲ.

ಚಿತ್ರಗಳ ಸಂಗೀತ ಅಚ್ಚಾದದ್ದು 1886ರಲ್ಲಿ. 1922ರಲ್ಲಿ ಫ್ರಾನ್ಸಿನ ರಾವೆಲ್ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದ ಮೇಲೆ ಲೋಕವೆಲ್ಲ ಕೇಳಿತು. ಹಾರ್ಟ್‌ಮನ್ನನ ಆ ಚಿತ್ರಗಳಲ್ಲಿ ಹೆಚ್ಚಿನವು ಈಗ ಸಿಗುವುದಿಲ್ಲ. ಎತ್ತಿನ ಗಾಡಿಯ ಚಿತ್ರವೂ ಕಳೆದುಹೋಗಿದೆ.