ಬೆಳಕನ್ನು ನಂಬಿದ ದೀನ್ ದಯಾಳ್

ಮಕ್ಕಳೇ, ಶಾಲಾ ವಾರ್ಷಿಕೋತ್ಸವದಲ್ಲಿ ನೀವು ಕೋಲಾಟ ಆಡಿರುತ್ತೀರಿ. ಕೊಠಡಿಯೊಳಗೆ ತೆಗೆದ ಫೋಟೋದಲ್ಲಿ ಗೋಡೆ ಸ್ಪಷ್ಟವಾಗಿರುತ್ತದೆ, ನಿಮ್ಮ ಕೈ ಮತ್ತು ಕೋಲು ಮಾತ್ರ ಮಸುಕು! ಹೀಗೇಕೆ? ಬನ್ನಿ, ಸುಮಾರು 140 ವರ್ಷ ಹಿಂದಕ್ಕೆ ಹೋಗೋಣ. ಆಗ ನಮ್ಮ ಗಿಲ್ಲೆಸುಗೂರು, ರಾಯಚೂರು ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ನಿಜಾಮರ ಆಸ್ಥಾನದ ಛಾಯಾಗ್ರಾಹಕರೇ ರಾಜಾ ದೀನ್ ದಯಾಳ್.

ಇವರು 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಜನಿಸಿದರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಾರರಾದರು. ಅಲ್ಲಿಯೇ ಫೋಟೋ ತೆಗೆಯುವುದನ್ನು ರೂಢಿಸಿಕೊಂಡರು. ಮುಂದೆ ಭದ್ರವಾದ ಸರ್ಕಾರಿ ನೌಕರಿಯನ್ನೇ ಬಿಟ್ಟು ಕ್ಯಾಮೆರಾವನ್ನು ನಂಬಿದರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು.

ಅವರ ಚಿತ್ರಗಳು ಮೂಡುತ್ತಿದ್ದುದು ಬೆಳ್ಳಿಯ ಲವಣ ಲೇಪಿಸಿದ ಗಾಜಿನ ಫಲಕದ ಮೇಲೆ. ಬೆಳಕು ಬಿದ್ದಲ್ಲಿ ಲವಣ ಬದಲಾಗುತ್ತದೆ. ಸಣ್ಣಗೆ ಬರುವ ನಳದ ನೀರಿನಿಂದ ಕೊಡ ತುಂಬಲು ಹೆಚ್ಚು ಹೊತ್ತು ಬೇಕಲ್ಲವೇ? ಹಾಗೆಯೇ ಮನೆಯೊಳಗಿನ ಮಂದ ಬೆಳಕಿನಲ್ಲಿ ಫಲಕಕ್ಕೆ ಹೆಚ್ಚು ಹೊತ್ತು ಬೆಳಕು ಬೀಳಬೇಕು. ಅಷ್ಟರಲ್ಲಿ ನರ್ತಕಿ ಕೈ ಆಡಿಸಿದರೆ ಚಿತ್ರ ಕೆಟ್ಟಿತು! ಆದ್ದರಿಂದಲೇ ಆ ಕಾಲದ ಫೋಟೋಗಳಲ್ಲಿ ನರ್ತಕಿಯರು ಒಂದೇ ಭಂಗಿಯಲ್ಲಿ ಕದಲದೆ ನಿಂತಿರುತ್ತಾರೆ. ಸ್ಟುಡಿಯೋಗಳಿಗೆ ಗಾಜಿನ ಛಾವಣಿ, ದೊಡ್ಡ ಕಿಟಕಿಗಳನ್ನು ಇಡುತ್ತಿದ್ದುದೂ ಬೆಳಕಿಗಾಗಿಯೇ.

1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ಸಿದ್ಧವಾಯಿತು. ಅದು ಭಗ್ಗನೆ ಉರಿದು ಬೆಳಕು ಕೊಡುತ್ತಿತ್ತು. ಆದರೆ ಹೊಗೆ, ಬೆಂಕಿಯ ಭಯ ಜೊತೆಗಿತ್ತು. ನಂತರ ಬಂದ ವಿದ್ಯುತ್ ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಅಲ್ಪ ಕಾಲ ಮಾತ್ರ ಮಿಂಚಬಲ್ಲದು. ಅಷ್ಟರಲ್ಲಿ ಕೋಲು ಎಷ್ಟು ದೂರ ಸರಿದೀತು? ಅದಕ್ಕೇ ನರ್ತಕಿಯ ಜಿಗಿತವೂ ಫೋಟೋದಲ್ಲಿ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ.

ಪರದಾ ಪದ್ಧತಿಯ ಮಹಿಳೆಯರು ಗಂಡಸರ ಮುಂದೆ ಕುಳಿತು ಫೋಟೋ ತೆಗೆಸುವಂತಿರಲಿಲ್ಲ. ಅವರಿಗಾಗಿ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ತೆರೆದು, ಒಬ್ಬ ಬ್ರಿಟಿಷ್ ಮಹಿಳೆಗೆ ಅದರ ಹೊಣೆ ವಹಿಸಿದರು. ಹೀಗೆ, ಉಳಿಯದೇ ಹೋಗಬಹುದಾಗಿದ್ದ ಮುಖಗಳಿಗೂ ಚಿತ್ರದಲ್ಲಿ ಜಾಗ ಸಿಕ್ಕಿತು. 1905ರಲ್ಲಿ ಅವರು ನಿಧನರಾದರು. ಅವರ ಸಾವಿರಾರು ಗಾಜಿನ ಫಲಕಗಳು ಇಂದಿಗೂ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ಮಾಡಿ ನೋಡಿ: ಗೆಳತಿ ಕೈ ಬೀಸುತ್ತಿರಲಿ. ಶಿಕ್ಷಕರ ಮೊಬೈಲಿನಲ್ಲಿ ಫ್ಲ್ಯಾಶ್ ಇಲ್ಲದೆ, ಮೊದಲು ಕೊಠಡಿಯ ಕತ್ತಲ ಮೂಲೆಯಲ್ಲಿ, ನಂತರ ಕಿಟಕಿಯ ಬಳಿ ಫೋಟೋ ತೆಗೆಯಿರಿ. ಯಾವುದರಲ್ಲಿ ಬೆರಳುಗಳನ್ನು ಎಣಿಸಬಹುದು? ಕಾರಣವನ್ನು ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರೆದಿಡಿ.